ಕಾಲು ಸುತ್ತಿನ ಜಗಳ

ಡ್ರಮ್ ಹೊತ್ತುಕೊಂಡು ಬಂದವರಿಗೆ ನನ್ನ ಅತ್ತೆ ಕೇಳುವ ಮೊದಲ ಪ್ರಶ್ನೆಗೂ ಡ್ರಮ್ಮಿಗೂ ಸಂಬಂಧವೇ ಇರುವುದಿಲ್ಲ.

“ಕೋಪ ಬಂದಾಗ ಮನೆ ಬಾಗಿಲು ಹೇಗೆ ಹಾಕ್ತೀರಿ?”

ಬಂದವರು ತಬ್ಬಿಬ್ಬಾಗುತ್ತಾರೆ. ಒಬ್ಬರು ಬ್ಯಾಂಕ್ ಗುಮಾಸ್ತರು, ಭಾನುವಾರ ಗೆಳೆಯರ ಜತೆ ಸೇರಿ ಡ್ರಮ್ಸ್ ಬಾರಿಸುವವರು, ತುಂಬ ಸಭ್ಯಸ್ಥರು. “ಮೆಲ್ಲಗೇ ಹಾಕ್ತೀನಮ್ಮ” ಅಂದರು. ಅವರ ಹೆಂಡತಿ ಪಕ್ಕದಲ್ಲೇ ನಿಂತಿದ್ದರು. “ಮೆಲ್ಲಗೆ ಹಾಕ್ತಾರೆ. ಆಮೇಲೆ ಒಂದು ಒದೆ ಕೊಡ್ತಾರೆ” ಅಂದರು. ಅತ್ತೆ ತಲೆಯಾಡಿಸಿ, ಕೈಯಲ್ಲಿ ಬಾರಿಸುವ ಡ್ರಮ್‌ಗಳಿಗೆಲ್ಲ ತೆಳು ಚರ್ಮ, ಕಾಲಲ್ಲಿ ಒತ್ತಿ ಬಾರಿಸುವ ದೊಡ್ಡ ಬೇಸ್ ಡ್ರಮ್ಮಿಗೆ ಮಾತ್ರ ಎರಡು ಪದರದ ದಪ್ಪ ಚರ್ಮ ತೆಗೆದಿಟ್ಟಳು. ಮೂರು ವರ್ಷವಾದರೂ ಗುಮಾಸ್ತರು ಚರ್ಮ ಬದಲಾಯಿಸಲು ಬರಲಿಲ್ಲ. ಬಾಗಿಲು ಮಾತ್ರ ಬದಲಾಯಿಸಿದರಂತೆ.

ಚರ್ಮ ಅನ್ನುವುದು ಹೆಸರಿಗೆ. ಈಗೆಲ್ಲ ಪ್ಲಾಸ್ಟಿಕ್ ಹಾಳೆ, ಸುತ್ತ ಒಂದು ಲೋಹದ ಅಂಚು. ಕೆಲವು ಗಾಜಿನ ಹಾಗೆ ಆಚೆ ಈಚೆ ಕಾಣುತ್ತವೆ, ಕೆಲವಕ್ಕೆ ಸುಣ್ಣ ಬಳಿದ ಹಾಗೆ ಬಿಳಿ ತರಿತರಿ ಲೇಪ. ಪ್ರತಿ ಡ್ರಮ್ಮಿಗೂ ಎರಡು ಚರ್ಮ. ಮೇಲಿನದು ಏಟು ತಿನ್ನುವುದಕ್ಕೆ, ಕೆಳಗಿನದು ಅದಕ್ಕೆ ಹೂಂಗುಟ್ಟುವುದಕ್ಕೆ. ಈ ಕೆಳಗಿನ ಚರ್ಮವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಇಬ್ಬರು ಆರು ವರ್ಷ ಮಾತು ಬಿಟ್ಟಿದ್ದು ಅದರಿಂದಲೇ.

ಅತ್ತೆ ಅಂದರೆ ಅಪ್ಪನ ತಂಗಿ. ವಯಸ್ಸು ನಲವತ್ತೆಂಟು, ತೂಕವೂ ಹೆಚ್ಚುಕಡಿಮೆ ಅಷ್ಟೇ. ತುರುಬಿಗೆ ಪಿನ್ನಿನ ಬದಲು ಒಂದು ಮರದ ಚಮಚ ಸಿಕ್ಕಿಸಿಕೊಂಡಿರುತ್ತಾಳೆ. ಡ್ರಮ್ಮಿನ ಅಂಚಿನಲ್ಲಿ ಟಕ್ ಟಕ್ ಎಂದು ತಟ್ಟಿ ಸ್ವರ ನೋಡುವುದಕ್ಕೆ ಅದೇ ಅವಳ ಆಯುಧ. ಒಮ್ಮೊಮ್ಮೆ ನನ್ನ ತಲೆಯ ಸ್ವರವನ್ನೂ ನೋಡಿದ್ದಾಳೆ. ಒಳಗೆ ಜಾಗ ಬೇಕಾದಷ್ಟಿದೆಯಂತೆ.

ಅವಳು ಸಂಗೀತ ಕಲಿತವಳಲ್ಲ. ಹನ್ನೊಂದು ವರ್ಷ ಬಣ್ಣದ ಡಬ್ಬಿಗಳ ಕಾರ್ಖಾನೆಯಲ್ಲಿ ಮುಚ್ಚಳದ ಸಾಲಿನಲ್ಲಿ ನಿಂತಿದ್ದಳು. ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಬೆರಳಲ್ಲಿ ತಟ್ಟಿ ಹೇಳುವುದು ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ಒಂದು ದಿನ ಅಪ್ಪನ ಮರಗೆಲಸದ ಅಂಗಡಿಗೆ ಸುಮ್ಮನೆ ಬಂದಿದ್ದಳು. ಅಪ್ಪ ಯಾರದೋ ಹಳೇ ಡ್ರಮ್ಮಿನ ಮರದ ಅಂಚು ಉಜ್ಜಿ, ಚರ್ಮ ಹಾಕಿಟ್ಟು, ಬೆವರು ಒರೆಸಿಕೊಳ್ಳುತ್ತಿದ್ದ. ಅತ್ತೆ ಹೋಗುವಾಗ ಒಮ್ಮೆ ತಟ್ಟಿ, “ಇದರ ಮುಚ್ಚಳ ಈ ಕಡೆ ಕೂತಿಲ್ಲ ಅಣ್ಣ” ಅಂದಳು. ಅಪ್ಪ ನೋಡಿದ. ಕೂತಿರಲಿಲ್ಲ. ಮರುದಿನದಿಂದ ಮರ ಅಪ್ಪನದು, ಚರ್ಮ ಅತ್ತೆಯದು ಎಂದಾಯಿತು.

ಅವಳು ಚರ್ಮ ಕೂರಿಸುವುದನ್ನು ನೋಡಬೇಕು. ಮೊದಲು ಮರದ ಅಂಚನ್ನು ಹಳೇ ಬನಿಯನ್ ಚೂರಿನಿಂದ ಒರೆಸುತ್ತಾಳೆ. ಒಂದು ಕಣ ಧೂಳಿದ್ದರೂ ಅದು ಬಂದು ಸಾಕ್ಷಿ ಹೇಳುತ್ತದಂತೆ. ಆಮೇಲೆ ಚರ್ಮ, ಅದರ ಮೇಲೆ ಕಬ್ಬಿಣದ ಬಳೆ, ಬಳೆಯ ಸುತ್ತ ಬೋಲ್ಟ್‌ಗಳು. ಎಲ್ಲವನ್ನೂ ಮೊದಲು ಬೆರಳಲ್ಲೇ ತಿರುಗಿಸಿ, ನಂತರ ಕೀ ಹಿಡಿಯುತ್ತಾಳೆ. ಕೀ ಅಂದರೆ ಚೌಕ ತೂತಿನ ಪುಟ್ಟ ಹಿಡಿಕೆ, ಡ್ರಮ್ಮಿನ ಬೋಲ್ಟ್‌ಗೆಂದೇ ಮಾಡಿದ್ದು. ಒಂದು ಬೋಲ್ಟ್ ತಿರುಗಿಸಿದರೆ ಮುಂದಿನದು ಅದರ ಪಕ್ಕದ್ದಲ್ಲ, ನೇರ ಎದುರಿನದು. “ಪಕ್ಕದವನಿಗೇ ಬಡಿಸ್ತಾ ಹೋದ್ರೆ ಎದುರುಗಡೆಯವನು ಎದ್ದು ಹೋಗ್ತಾನೆ” ಅನ್ನುತ್ತಾಳೆ.

ಕೊನೆಗೆ ಬರುವುದು ಅವಳ ನೆಚ್ಚಿನ ಘಟ್ಟ. ಅಂಗೈಯನ್ನು ಚರ್ಮದ ನಟ್ಟನಡುವೆ ಇಟ್ಟು ಮೈಭಾರ ಹಾಕಿ ಒತ್ತುತ್ತಾಳೆ. ಹೊಸ ಚರ್ಮವಾದರೆ ಅಂಚಿನ ಅಂಟು ಸಡಿಲಗೊಂಡು ಕಟಕಟ ಎನ್ನುತ್ತದೆ. ಏನೂ ಆಗಿರುವುದಿಲ್ಲ, ಚರ್ಮ ಈಗ ಸರಿಯಾಗಿ ಕೂತಿತು ಎಂದಷ್ಟೇ ಅರ್ಥ. ಆದರೆ ಡ್ರಮ್ಮಿನ ಒಡೆಯರು ಎದುರಿಗೇ ಇದ್ದರೆ ಅತ್ತೆ ಕೈ ತೆಗೆದು, ಮುಖ ಸಪ್ಪೆ ಮಾಡಿ, “ಅಯ್ಯೋ ಪಾಪ” ಎಂದು ಒಂದು ನಿಮಿಷ ಸುಮ್ಮನಾಗುತ್ತಾಳೆ. ಒಬ್ಬ ಶಾಲಾ ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದು ಕೂತು ನೀರು ಕೇಳಿದ್ದರು. ನೀರು ತಂದುಕೊಟ್ಟವಳೂ ಅತ್ತೆಯೇ.

ಇನ್ನು ಜಗಳಕ್ಕೆ ಬರೋಣ. ಕೆಳಗಿನ ಚರ್ಮ ಎಷ್ಟು ಬಿಗಿಯಾಗಿರಬೇಕು? ಮೇಲಿನದಕ್ಕಿಂತ ಒಂದು ಕೂದಲು ಜಾಸ್ತಿ ಬಿಗಿ, ಆಗಲೇ ಸದ್ದಿಗೆ ಬೆನ್ನುಮೂಳೆ ಬರುವುದು ಎಂದು ಅಪ್ಪ. ಎರಡೂ ಸಮ, ಆಗಲೇ ಸದ್ದು ಉದ್ದ ಉಸಿರು ಬಿಡುವುದು ಎಂದು ಅತ್ತೆ. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ ಇದು ಮಾತಿಗೆ ಮಾತು ಬೆಳೆಯಿತು.

“ನಾನು ಈ ಅಂಗಡಿ ಶುರು ಮಾಡಿದಾಗ ನೀನು ಎಲ್ಲಿದ್ದೆ?” ಅಂದ ಅಪ್ಪ.

“ಡಬ್ಬಿ ತಟ್ತಾ ಇದ್ದೆ. ನೀನು ಅಂಗಡಿ ಶುರು ಮಾಡಿದ್ದು ಸ್ಟೂಲ್ ರಿಪೇರಿಗೆ. ಆ ಸ್ಟೂಲೂ ಅಲ್ಲಾಡ್ತಿತ್ತು.”

ಸ್ಟೂಲಿನ ಮಾತು ಎತ್ತಬಾರದಿತ್ತು. ಅಪ್ಪ ಅಂದೇ ಅಂಗಡಿಯ ನಡುವೆ ಪ್ಲೈವುಡ್ ಗೋಡೆ ನಿಲ್ಲಿಸಿದ. ಬೀದಿ ಕಡೆಯ ಅರ್ಧ ಅವನದು, ಹಿಂದಿನ ಅರ್ಧ ಅವಳದು. ಹಿಂದುಗಡೆ ಕಿಟಕಿ ಇಲ್ಲ, ಒಂದು ಬಲ್ಬು ಮಾತ್ರ. ಗೋಡೆಯ ಒಂದು ತುದಿಯಲ್ಲಿ ಡ್ರಮ್ ಹಿಡಿಸುವಷ್ಟು ಸಂದಿ. ಚರ್ಮ ಹಾಕಿ ಮುಗಿದ ಡ್ರಮ್ಮನ್ನು ಅತ್ತೆ ಆ ಸಂದಿಯಿಂದ ಆಚೆ ತಳ್ಳುತ್ತಾಳೆ. ಅಪ್ಪ ಅದಕ್ಕೆ ಕಾಲು, ಕೊಂಡಿ ಜೋಡಿಸಿ, ಬಟ್ಟೆ ಸುತ್ತಿ ಗಿರಾಕಿಗೆ ಒಪ್ಪಿಸುತ್ತಾನೆ. ಮಾತು ಮಾತ್ರ ಇಲ್ಲ.

ಮಾತಿಗೆ ನಾನಿದ್ದೆ. ನಾನು ಮೂರು ಜನ ಹುಡುಗಿಯರ ಒಂದು ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುವವಳು. ಅಭ್ಯಾಸಕ್ಕೆ ಮನೆಯಲ್ಲಿ ಅಮ್ಮ ಬಿಡುವುದಿಲ್ಲವಾದ್ದರಿಂದ ಅಂಗಡಿಯಲ್ಲೇ ಠಿಕಾಣಿ. ಇಬ್ಬರೂ ನನಗೆ ಇಟ್ಟ ಹೆಸರು ಟಪಾಲು.

“ಟಪಾಲು, ನಿನ್ನ ಅತ್ತೆಗೆ ಹೇಳು, ಹದಿನಾಲ್ಕು ಇಂಚಿನ ಬಳೆ ಬಂದಿದೆ.”

“ಟಪಾಲು, ನಿಮ್ಮಪ್ಪನಿಗೆ ಹೇಳು, ಕೇಳಿಸ್ತು.”

ಅಂಚೆಯವಳಿಗೆ ಕಾಗದ ತೆರೆದು ಓದುವ ಚಪಲ ಇದ್ದೇ ಇರುತ್ತದೆ. ನಾನು ಒಂದೆರಡು ಪದ ಸೇರಿಸುತ್ತಿದ್ದೆ. ಅಪ್ಪ “ಬೇಗ ಮುಗಿಸೋಕೆ ಹೇಳು” ಅಂದರೆ, “ಅತ್ತೆ, ಬೇಗ ಮುಗಿಸಬೇಕಂತೆ, ನಿನ್ನ ವಯಸ್ಸಿಗೆ ಕಷ್ಟ ಅಂತ ಅವನಿಗೂ ಗೊತ್ತಂತೆ” ಅನ್ನುತ್ತಿದ್ದೆ. ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

ಅತ್ತೆಯದು ಒಂದು ವಿಚಿತ್ರ ನಿಯಮವಿತ್ತು. ಮೇಲಿನ ಚರ್ಮ ಆದಾಗ ನನ್ನನ್ನು ಕರೆದು ಬಾರಿಸಿ ನೋಡು ಅನ್ನುತ್ತಿದ್ದಳು. ಕೆಳಗಿನ ಚರ್ಮಕ್ಕೆ ಕೈಹಾಕಿದ ಮೇಲೆ ಮಾತ್ರ ಯಾರೂ ಮುಟ್ಟುವಂತಿಲ್ಲ. “ಚರ್ಮ ನಿದ್ದೆ ಮಾಡ್ಲಿ” ಎಂದು ಟವೆಲು ಹೊದಿಸಿ ಆಚೆ ತಳ್ಳುತ್ತಿದ್ದಳು. ಇದೊಂದು ಡಬ್ಬಿ ಕಾರ್ಖಾನೆಯ ಮೂಢನಂಬಿಕೆ ಎಂದುಕೊಂಡಿದ್ದೆ.

ಹೋದ ವರ್ಷ ಅಪ್ಪನ ಗುಟ್ಟೂ ನನ್ನ ಕೈಗೆ ಸಿಕ್ಕಿತು. ನಾನು ಬಡಗಿ ಮೇಜಿನ ಕೆಳಗೆ ಬಿದ್ದ ಡ್ರಮ್ ಕೋಲು ಹುಡುಕುತ್ತಿದ್ದೆ. ನಾನಿರುವುದು ಗೊತ್ತಿಲ್ಲದೆ ಅಪ್ಪ, ಅತ್ತೆ ತಳ್ಳಿದ ಡ್ರಮ್ಮನ್ನು ಬೋರಲು ಹಾಕಿ, ಟವೆಲು ಸರಿಸಿ, ಗೋಡೆಯ ಮೊಳೆಯಿಂದ ತನ್ನ ಕೀ ತೆಗೆದು, ಕೆಳಗಿನ ಚರ್ಮದ ಒಂದೊಂದು ಬೋಲ್ಟಿಗೂ ಕಾಲು ಸುತ್ತು ಕೊಟ್ಟ. ಒಂದೂ ಬಿಡಲಿಲ್ಲ. ಅತ್ತೆ ಸಮ ಮಾಡಿ ಕಳಿಸಿದ್ದನ್ನು ತನ್ನ ಇಷ್ಟದಂತೆ ಬಿಗಿ ಮಾಡಿ, ಮತ್ತೆ ಟವೆಲು ಹೊದಿಸಿದ.

ನಾನು ಮೇಜಿನ ಕೆಳಗಿಂದ ತಲೆ ಹೊರಹಾಕಿದೆ.

“ನೀನು ಏನೂ ನೋಡಿಲ್ಲ” ಅಂದ ಅಪ್ಪ.

“ಏನನ್ನ?”

“ಅದೇ.”

“ಯಾವುದನ್ನ ನೋಡಿಲ್ಲ ಅಂತ ಗೊತ್ತಾಗಬೇಕಲ್ಲ ಅಪ್ಪ.”

ಆ ವಾರವೇ ನನಗೆ ಹೊಸ ಕೋಲುಗಳ ಜೋಡಿ ಬಂತು. ಬಾಯಿ ಮುಚ್ಚಿಕೊಂಡೆ.

ಹೀಗಿರುವಾಗ ಒಂದು ಬುಧವಾರ, ಊರಿನ ದೊಡ್ಡ ವಾದ್ಯದಂಗಡಿಯ ಯಜಮಾನರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದರು. ಬ್ಯಾಂಕ್ ಗುಮಾಸ್ತರ ಡ್ರಮ್ಸ್ ಕೇಳಿ ಬಂದಿದ್ದರಂತೆ.

“ಅದನ್ನ ಶ್ರುತಿ ಮಾಡಿದ್ದು ಯಾರು?”

“ನಾನು” ಅಂದ ಅಪ್ಪ.

“ನಾನು” ಎಂದು ಪ್ಲೈವುಡ್ಡೂ ಹೇಳಿತು.

ಯಜಮಾನರು ಗೋಡೆಯನ್ನು ನೋಡಿದರು. ನಾನು ಅವರನ್ನು ಸಂದಿಯಿಂದ ಆಚೆ ಕರೆದುಕೊಂಡು ಹೋದೆ. ಬಲ್ಬಿನ ಕೆಳಗೆ ಅತ್ತೆ ಚಮಚ ಹಿಡಿದು ಕೂತಿದ್ದಳು. ಅವರು ಬಾಯಿ ತೆರೆಯುವ ಮೊದಲೇ, “ಕೋಪ ಬಂದಾಗ ಬಾಗಿಲು ಹೇಗೆ ಹಾಕ್ತೀರಿ?” ಅಂದಳು.

“ನಮ್ಮಂಗಡೀದು ಗಾಜಿನ ಬಾಗಿಲು. ಕೋಪ ಬಂದ್ರೂ ಮೆಲ್ಲಗೇ ಹಾಕಬೇಕು.”

ಆ ಉತ್ತರ ಅತ್ತೆಗೆ ಹಿಡಿಸಿತು. ಅವರು ನೇರ ವಿಷಯಕ್ಕೆ ಬಂದರು. ಅವರಿಗೆ ಒಬ್ಬರು ಬೇಕಾಗಿದ್ದಾರೆ. ಮೇಲಿನ ಮಹಡಿಯಲ್ಲಿ ಸ್ವಂತ ಕೋಣೆ, ಸ್ವಂತ ಮೇಜು, ದೊಡ್ಡ ಕಿಟಕಿ. ಐದು ಬರಿಯ ಡ್ರಮ್ ಕಳಿಸುತ್ತಾರೆ, ಜತೆಗೆ ಹತ್ತಾರು ಬಗೆಯ ಚರ್ಮ. ಆರಿಸಿ, ಹಾಕಿ, ಶ್ರುತಿ ಮಾಡಿ ಶನಿವಾರ ಹನ್ನೊಂದಕ್ಕೆ ತರಬೇಕು. ಸರಿಯಿದ್ದರೆ ಸೋಮವಾರದಿಂದಲೇ ಬರಬಹುದು.

ಅವರು ಹೋದ ಮೇಲೆ ಅತ್ತೆ ತುಂಬ ಹೊತ್ತು ಬಲ್ಬನ್ನೇ ನೋಡುತ್ತಿದ್ದಳು.

“ಕಿಟಕಿ ಅಂತೆ” ಅಂದಳು.

“ಹೋಗ್ತೀಯಾ ಅತ್ತೆ?”

“ಟಪಾಲು, ನಿಮ್ಮಪ್ಪನಿಗೆ ಒಂದು ಮಾತು ತಲುಪಿಸು. ಈ ಸಲ ಏನೂ ಸೇರಿಸಬೇಡ. ‘ಎರಡು ಚರ್ಮವೂ ಸಮ ಇರಬೇಕು’ ಅಂತ ಒಂದೇ ಒಂದು ಸಲ ಬಾಯಿಬಿಟ್ಟು ಹೇಳ್ಲಿ. ನಾನು ಎಲ್ಲಿಗೂ ಹೋಗಲ್ಲ.”

ನನಗೆ ಸೇರಿಸುವ ಮಾತು ಯಾವುದೂ ಹೊಳೆಯಲೂ ಇಲ್ಲ. ಹಾಗೇ ತಲುಪಿಸಿದೆ. ಅಪ್ಪ ಉಳಿಯ ಮೊನೆ ನೋಡುತ್ತ, “ಊಹೂಂ” ಅಂದ. ಸ್ವಲ್ಪ ಹೊತ್ತಾದ ಮೇಲೆ, “ಹೋಗ್ಲಿ ಬಿಡು. ಪ್ಲೈವುಡ್ ತೆಗೆದು ಅಲ್ಲೊಂದು ಬೀರು ಇಡಬಹುದು” ಅಂದ. ಅವತ್ತು ಅವನು ಉಜ್ಜಿದ ಒಂದು ಡ್ರಮ್ಮಿನ ಅಂಚು ಓರೆಯಾಯಿತು. ಅವನ ಕೈಯಲ್ಲಿ ಅಂಚು ಓರೆಯಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಗುರುವಾರ, ಶುಕ್ರವಾರ ಅತ್ತೆ ಊಟಕ್ಕೂ ಏಳಲಿಲ್ಲ. ಚರ್ಮಗಳನ್ನು ಒಂದೊಂದಾಗಿ ಬೆರಳ ತುದಿಯಲ್ಲಿ ತೂಗುಹಾಕಿ, ಚಮಚದಿಂದ ತಟ್ಟಿ, ಕಿವಿಗಿಟ್ಟುಕೊಂಡಳು. ಯಾರು ಬಾರಿಸುವ ಡ್ರಮ್ಸ್ ಎಂದು ಗೊತ್ತಿಲ್ಲವಲ್ಲ, ಬಾಗಿಲಿನ ಪ್ರಶ್ನೆ ಯಾರನ್ನು ಕೇಳುವುದು? ಕೊನೆಗೆ, “ಬಾರಿಸೋಳು ನೀನೇ ತಾನೆ, ನೀನು ಬಾಗಿಲು ಹಾಕೋದೇ ಇಲ್ಲ, ಹಾರುಹೊಡೆದು ಹೋಗ್ತೀಯ” ಎಂದು ಬಿಳಿ ಲೇಪದ ಒಂದೇ ಪದರದ ಚರ್ಮಗಳನ್ನು ಆರಿಸಿದಳು. ಶುಕ್ರವಾರ ಸಂಜೆ ಐದೂ ಡ್ರಮ್ ಟವೆಲು ಹೊದ್ದು ಅಪ್ಪನ ಕಡೆಗೆ ಬಂದವು.

ಅಪ್ಪ ಬಿಟ್ಟಾನೆಯೇ? ಬೆಳಿಗ್ಗೆ ಬಂದವನೇ ಕಾಲು ಸುತ್ತು ಕೊಡುತ್ತಾನೆ. ಅತ್ತೆಯ ಪರೀಕ್ಷೆಗೆ ಅಪ್ಪನ ಸದ್ದು ಹೋಗಿ ಕೂರುತ್ತದೆ. ಅದು ನ್ಯಾಯವಲ್ಲ. ನಾನು ಅಪ್ಪನ ಕೀಯನ್ನು ಮೊಳೆಯಿಂದ ತೆಗೆದು ನನ್ನ ಬಲಗಾಲಿನ ಶೂ ಒಳಗೆ ಹಾಕಿಕೊಂಡೆ. ನಡೆಯುವಾಗ ಚುಚ್ಚುತ್ತಿತ್ತು. ನ್ಯಾಯ ಅಂದರೆ ಚುಚ್ಚುತ್ತದೆ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಅಪ್ಪ ಬಂದು ಮೊಳೆ ನೋಡಿದ. ಮೊಳೆಯ ಕೆಳಗೆ ನೋಡಿದ. ಮರದ ಪುಡಿಯನ್ನೆಲ್ಲ ಕೈಯಾಡಿಸಿ ಜಾಲಾಡಿದ.

“ನನ್ನ ಕೀ ನೋಡಿದ್ಯಾ?”

“ನಾನೇನೂ ನೋಡಿಲ್ಲ. ನೀನೇ ಹೇಳಿಕೊಟ್ಟಿದ್ದಲ್ವಾ.”

ಅವನಿಗೆ ನಗು ಬರಲಿಲ್ಲ. ಗೋಡೆಯಾಚೆ ಅತ್ತೆಯ ಹತ್ತಿರ ಮೂರು ಕೀ ಇದ್ದವು. ಆದರೆ ಕೇಳಬೇಕಲ್ಲ. ಅಪ್ಪ ಎರಡು ಸಲ ಸಂದಿಯವರೆಗೆ ಹೋಗಿ ವಾಪಸ್ ಬಂದ.

“ಟಪಾಲು, ನಿನ್ನ ಅತ್ತೆಗೆ ಹೇಳು, ಒಂದು ಕೀ ಬೇಕಂತೆ. ಐದೇ ನಿಮಿಷ.”

ನಾನು ಆಚೆ ಹೋದೆ. ಅತ್ತೆ ಸೀರೆಯ ಮಡಿಕೆ ಸರಿಮಾಡಿಕೊಳ್ಳುತ್ತಿದ್ದಳು. ಹೂಜಿಯಿಂದ ಒಂದು ಲೋಟ ನೀರು ಕುಡಿದು ವಾಪಸ್ ಬಂದೆ.

“ಕೊಡಲ್ಲವಂತೆ.”

ಅಪ್ಪನ ಮುಖ ಹೇಗಾಯಿತೆಂದು ಈಗಲೂ ಕಣ್ಣಿಗೆ ಕಟ್ಟಿದೆ. ಸೈಕಲ್ ಹತ್ತಿ ಎಲ್ಲಿಗೋ ಹೊರಟುಹೋದ. ಹತ್ತು ಗಂಟೆಗೆ ವ್ಯಾನ್ ಬಂತು. ಡ್ರಮ್‌ಗಳನ್ನು ಏರಿಸಿ, ಅತ್ತೆ ಮುಂದೆ ನಾನು ಹಿಂದೆ ಕೂತು ಹೊರಟೆವು. ಒಂದು ದೊಡ್ಡ ಪುಣ್ಯದ ಕೆಲಸ ಮಾಡಿದ ಹೆಮ್ಮೆಯಿಂದ ನಾನು ದಾರಿಯುದ್ದಕ್ಕೂ ಸಿಳ್ಳೆ ಹಾಕಿದೆ.

ದೊಡ್ಡಂಗಡಿಯ ಗಾಜಿನ ಬಾಗಿಲು ನಿಜಕ್ಕೂ ಮೆಲ್ಲಗೆ ಮುಚ್ಚುತ್ತಿತ್ತು. ನಡುಮನೆಯಂಥ ಜಾಗದಲ್ಲಿ ಡ್ರಮ್‌ಗಳನ್ನು ಜೋಡಿಸಿದೆವು. ಯಜಮಾನರು ಕೈಕಟ್ಟಿ ನಿಂತರು. ನಾನು ಕೂತು, ಮೂರು ಕಾಲಿನ ದೊಡ್ಡ ಫ್ಲೋರ್ ಟಾಮಿಗೆ ಒಂದು ಏಟು ಕೊಟ್ಟೆ.

ಬೊದ್.

ಒದ್ದೆ ದಿಂಬಿಗೆ ಹೊಡೆದ ಹಾಗಿತ್ತು. ಇನ್ನೊಂದಕ್ಕೆ ಹೊಡೆದೆ. ಅದೂ ಒದ್ದೆ ದಿಂಬೇ, ಸ್ವಲ್ಪ ಚಿಕ್ಕದು. ಯಜಮಾನರು ಕೆಮ್ಮಿದರು.

ಅತ್ತೆ ಬಗ್ಗಿ ಫ್ಲೋರ್ ಟಾಮಿನ ತಳಕ್ಕೆ ಬೆರಳಿಟ್ಟು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ಟಪಾಲು, ಅಣ್ಣ ಇದನ್ನ ಮುಟ್ಟಿಲ್ವಾ?”

ಅವಳು ‘ನಿಮ್ಮಪ್ಪ’ ಅನ್ನಲಿಲ್ಲ ಎಂಬುದನ್ನು ನಾನು ಗಮನಿಸಬೇಕಿತ್ತು. “ಮುಟ್ಟೋಕೆ ಬಿಡ್ಲಿಲ್ಲ ಅತ್ತೆ” ಅಂದೆ ಹೆಮ್ಮೆಯಿಂದ. “ನಿನಗೆ ಗೊತ್ತಿಲ್ಲ, ಅಪ್ಪ ದಿನಾ ಕದ್ದು ಕಾಲು ಸುತ್ತು ಟೈಟ್ ಮಾಡ್ತಾನೆ. ಅದಕ್ಕೇ ಅವನ ಕೀ ಬಚ್ಚಿಟ್ಟೆ.”

“ಗೊತ್ತಿಲ್ಲದೆ ಏನು. ಮೊದಲನೇ ವಾರದಿಂದ ಗೊತ್ತು. ಅದಕ್ಕೇ ನಾನು ಕೆಳಗಿನದನ್ನ ಕಾಲು ಸುತ್ತು ಲೂಸ್ ಬಿಟ್ಟು ಕಳಿಸೋದು. ಅವನು ಟೈಟ್ ಮಾಡಿದ ಮೇಲೆ ಸರಿಯಾಗಿ ಸಮ ಆಗುತ್ತೆ.”

ನನ್ನ ಬಲಗಾಲು ಜೋರಾಗಿ ಚುಚ್ಚತೊಡಗಿತು. ನಿದ್ದೆ ಮಾಡುವ ಚರ್ಮ, ಹೊದಿಸುವ ಟವೆಲು, ಯಾರೂ ಬಾರಿಸಬಾರದೆಂಬ ನಿಯಮ, ಎಲ್ಲ ಒಂದೊಂದಾಗಿ ತಲೆಗೆ ಹತ್ತಿತು. ಆರು ವರ್ಷ ಊರಿನವರೆಲ್ಲ ಹೊಗಳಿದ್ದು ಅತ್ತೆಯ ಸದ್ದನ್ನೇ. ಅಪ್ಪ ಅದನ್ನು ತನ್ನದೆಂದುಕೊಂಡು ಬೀಗುತ್ತಿದ್ದ, ಅತ್ತೆ ಗೋಡೆಯಾಚೆ ಕೂತು ನಗುತ್ತಿದ್ದಳು.

“ಈ ಐದನ್ನೂ ಹಾಗೇ ಬಿಟ್ಟೆಯಾ?”

“ಕೈ ಕೇಳಬೇಕಲ್ಲ ಕಣೇ. ಆರು ವರ್ಷದ ಅಭ್ಯಾಸ.”

ಅವಳು ಚೀಲದಿಂದ ಕೀ ತೆಗೆದಳು. “ಹತ್ತು ನಿಮಿಷ ಕೊಡಿ ಯಜಮಾನ್ರೇ” ಎಂದು ಫ್ಲೋರ್ ಟಾಮನ್ನು ಅಡ್ಡ ಮಲಗಿಸಿ ನೆಲಕ್ಕೆ ಮಂಡಿಯೂರಿದಳು. ಯಜಮಾನರು ಗಡಿಯಾರ ನೋಡಿಕೊಂಡರು. ಕೆಲಸ ಮುಗಿಸಿ ತರಲು ಹೇಳಿದ್ದೆನಲ್ಲ ಎಂದು ಅವರ ಮುಖವೇ ಹೇಳುತ್ತಿತ್ತು.

ಅಷ್ಟರಲ್ಲಿ ಗಾಜಿನ ಬಾಗಿಲು ಮೆಲ್ಲಗೆ ತೆರೆಯಿತು. ಅಪ್ಪ. ಕೀ ಹುಡುಕಿ ಊರೆಲ್ಲ ಸುತ್ತಿ ಬೆವರಿನಲ್ಲಿ ತೊಯ್ದಿದ್ದ, ಅಂಗಿಗೆಲ್ಲ ಮರದ ಪುಡಿ, ಕೈಯಲ್ಲಿ ನಮ್ಮ ಮನೆಯ ಗೋಡೆ ಗಡಿಯಾರಕ್ಕೆ ಚಾವಿ ಕೊಡುವ ಹಿತ್ತಾಳೆಯ ಕೀ. ಅದಕ್ಕೂ ಚೌಕ ತೂತೇ. ಸ್ವಲ್ಪ ದೊಡ್ಡದಾಗಿದ್ದಕ್ಕೆ ಒಳಗೆ ತಗಡಿನ ಚೂರು ಸಿಕ್ಕಿಸಿದ್ದ.

“ಬಾರಿಸಬೇಡಿ” ಅಂದ ಏದುಸಿರು ಬಿಡುತ್ತ. “ಅದು ಇನ್ನೂ ಮುಗಿದಿಲ್ಲ.”

“ಇವರು ಯಾರು?” ಅಂದರು ಯಜಮಾನರು.

ಅತ್ತೆ ತಲೆ ಎತ್ತಲಿಲ್ಲ. “ಕಾಲು ಸುತ್ತು” ಅಂದಳು.

ಅಪ್ಪ ಅವಳ ಎದುರಿಗೆ ಮಂಡಿಯೂರಿದ. ಅವಳು ಒಂದು ಬೋಲ್ಟ್ ತಿರುಗಿಸಿದರೆ ಅವನು ನೇರ ಎದುರಿನದನ್ನು ತಿರುಗಿಸಿದ. ಯಾರೂ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಮೊದಲ ಡ್ರಮ್ ಮುಗಿದು ಎರಡನೆಯದಕ್ಕೆ ಕೈಹಾಕಿದಾಗ ಅತ್ತೆಯೇ ಬಾಯಿಬಿಟ್ಟಳು. ಆರು ವರ್ಷದಲ್ಲಿ ಟಪಾಲಿಲ್ಲದೆ ಹೋದ ಮೊದಲ ಮಾತು.

“ನಾನು ಲೂಸ್ ಬಿಡ್ತೀನಿ ಅಂತ ನಿನಗೆ ಯಾವಾಗಿಂದ ಗೊತ್ತು?”

“ಎರಡನೇ ತಿಂಗಳಿಂದ.”

ಅವಳ ಕೀ ನಿಂತಿತು. “ಗೊತ್ತಿದ್ದೂ ಕಾಲೇ ಸುತ್ತು ಕೊಡ್ತಿದ್ಯಾ? ಅರ್ಧ ಕೊಟ್ಟಿದ್ರೆ ನಿನ್ನ ಬೆನ್ನುಮೂಳೆ ಬರ್ತಿತ್ತಲ್ಲ.”

“ಒಂದು ಡ್ರಮ್ಮಿಗೆ ಕೊಟ್ಟು ನೋಡ್ದೆ.”

“ಹೇಗಿತ್ತು?”

ಅಪ್ಪ ಕೀಯೊಳಗಿನ ತಗಡನ್ನು ಸರಿಮಾಡಿದ. “ಆ ಗಿರಾಕಿ ವಾಪಸ್ ತಂದ.”

“ಅಂದ್ರೆ?”

“ಅಂದ್ರೆ ಏನು, ತಿರುಗಿಸು, ಎದುರಿನದು ಕಾಯ್ತಿದೆ.”

“ಅಂದ್ರೆ ಅಂತ ಕೇಳ್ದೆ ಅಣ್ಣ.”

ಅಪ್ಪ ಡ್ರಮ್ಮಿನೊಳಗೆ ಮುಖ ಹಾಕಿದ ಹಾಗೆ ಬಗ್ಗಿ, “ಎರಡೂ ಸಮ ಇರಬೇಕು” ಅಂದ.

“ಡ್ರಮ್ಮಿಗೆ ಹೇಳಿದ್ದು ಲೆಕ್ಕಕ್ಕಿಲ್ಲ.”

“ಡ್ರಮ್ಮಿನ ಬಗ್ಗೆ ತಾನೇ ಮಾತು, ಡ್ರಮ್ಮಿಗೇ ಹೇಳ್ತೀನಿ.”

ಅತ್ತೆ ತುರುಬಿನಿಂದ ಚಮಚ ತೆಗೆದು ಅಪ್ಪನ ತಲೆಗೆ ಟಕ್ ಎಂದು ಒಂದು ಕೊಟ್ಟಳು. ಸ್ವರ ಕೇಳಿಸಿಕೊಳ್ಳುವವಳಂತೆ ಕಿವಿ ವಾಲಿಸಿದಳು. “ಈಗ ಕೂತಿದೆ ಮುಚ್ಚಳ” ಅಂದಳು.

ಐದೂ ಮುಗಿದ ಮೇಲೆ ನಾನು ಬಾರಿಸಿದೆ. ಚಿಕ್ಕ ಟಾಮಿನಿಂದ ದೊಡ್ಡದಕ್ಕೆ ಇಳಿಯುತ್ತ ಬಂದರೆ ಮೆಟ್ಟಿಲಿಳಿದು ಮನೆಯೊಳಗೆ ಹೋದ ಹಾಗಿತ್ತು. ಫ್ಲೋರ್ ಟಾಮಿನ ಸದ್ದು ನಾನು ಕೋಲು ಎತ್ತಿ ಮಡಿಲಲ್ಲಿ ಇಟ್ಟುಕೊಂಡ ಮೇಲೂ ನಿಂತಿತ್ತು. ಯಜಮಾನರು ಕಟ್ಟಿದ್ದ ಕೈ ಬಿಚ್ಚಿದರು.

“ಸೋಮವಾರ ಬನ್ನಿ. ಮೇಲೆ ಹೋಗಿ ಕೋಣೆ ನೋಡಿಕೊಂಡು ಬನ್ನಿ.”

ಅತ್ತೆ ಒಬ್ಬಳೇ ಮೆಟ್ಟಿಲು ಹತ್ತಿದಳು. ಅಪ್ಪ ಅಂಗಿಯ ಮರದ ಪುಡಿಯನ್ನು ಅವರ ನುಣ್ಣನೆಯ ನೆಲದ ಮೇಲೆ ಉದುರಿಸದಂತೆ ಒಂದೇ ಕಡೆ ಅಲ್ಲಾಡದೆ ನಿಂತಿದ್ದ. ಮಾತಿನ ಪ್ರಕಾರ ಅವಳು ಉಳಿಯಬೇಕು. ಆದರೆ ಹೇಳಿದ್ದು ಡ್ರಮ್ಮಿಗೆ, ಅದು ಲೆಕ್ಕಕ್ಕಿದೆಯೋ ಇಲ್ಲವೋ ಎಂದು ಅವಳೇ ತೀರ್ಪು ಕೊಡಬೇಕು. ಅವಳು ಇಳಿದು ಬರುವಷ್ಟರಲ್ಲಿ ಅಪ್ಪ ತಗಡಿನ ಚೂರನ್ನು ನಾಲ್ಕು ಸಲ ತೆಗೆದು ಹಾಕಿದ್ದ.

“ಕಿಟಕಿ ತುಂಬ ಚೆನ್ನಾಗಿದೆ” ಅಂದಳು ಅತ್ತೆ. “ಬರಲ್ಲ.”

“ಯಾಕಮ್ಮ?” ಅಂದರು ಯಜಮಾನರು.

“ನನ್ನ ಕೈಯಿಂದ ಬರೋ ಡ್ರಮ್ಮೆಲ್ಲ ಕಾಲು ಸುತ್ತು ಕಡಿಮೆ ಇರುತ್ತೆ. ಆ ಕಾಲು ಸುತ್ತು ನಮ್ಮಂಗಡೀಲೇ ಇರೋದು. ನಿಮಗೆ ಕೆಲಸ ಇದ್ರೆ ಡ್ರಮ್ ಅಲ್ಲಿಗೇ ಕಳಿಸಿ.”

ಯಜಮಾನರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಈಗ ತಿಂಗಳಿಗೆರಡು ಸಲ ಅವರ ವ್ಯಾನ್ ನಮ್ಮ ಅಂಗಡಿ ಮುಂದೆ ನಿಲ್ಲುತ್ತದೆ.

ಅವತ್ತು ವಾಪಸ್ ಬರುವಾಗ ಸೈಕಲ್ಲನ್ನೂ ವ್ಯಾನಿಗೆ ಹಾಕಿ ಮೂವರೂ ಸಾಲಾಗಿ ಕೂತೆವು. ಸ್ವಲ್ಪ ದೂರ ಬಂದ ಮೇಲೆ ಅಪ್ಪ ಕಿಟಕಿಯಾಚೆ ನೋಡುತ್ತ ಅಂದ: “ಆದ್ರೂ ಒಂದು ಕೀ ಕೇಳಿದ್ರೆ ಕೊಡಲ್ಲ ಅನ್ನಬಾರದಿತ್ತು ನೀನು.”

“ಯಾರು ಕೇಳಿದ್ದು? ಯಾವಾಗ?”

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಾನು ಬಗ್ಗಿ ಶೂ ಬಿಚ್ಚಿ, ಕೀ ತೆಗೆದು ಅಪ್ಪನ ಅಂಗೈಗೆ ಹಾಕಿದೆ. ಅಪ್ಪ ಅದನ್ನು ಮೂಗಿನ ಹತ್ತಿರ ಹಿಡಿದು, ತಕ್ಷಣ ದೂರ ಹಿಡಿದ. ಅತ್ತೆ ಚಮಚಕ್ಕೆ ಕೈಹಾಕಿದಳು. ಆ ಸಲ ನನ್ನ ತಲೆಯ ಸ್ವರ ಎಂಟು ಕಡೆ ನೋಡಲಾಯಿತು, ಎದುರು ಬದುರಾಗಿ.

ಮರುವಾರ ಅಪ್ಪ ಪ್ಲೈವುಡ್ ಗೋಡೆಗೆ ಗರಗಸ ಹಾಕಿದ. ಗೋಡೆ ತೆಗೆಯುತ್ತಾನೆ ಎಂದುಕೊಂಡೆ. ತೆಗೆಯಲಿಲ್ಲ. ನಟ್ಟನಡುವೆ ಒಂದು ಕಿಟಕಿ ಕೊರೆದ, ಫ್ಲೋರ್ ಟಾಮ್ ಆರಾಮಾಗಿ ದಾಟುವಷ್ಟು ದೊಡ್ಡದು. ಈಗ ಬೀದಿಯ ಬೆಳಕು ಅತ್ತೆಯ ಮೇಜಿನವರೆಗೂ ಹೋಗುತ್ತದೆ. ಅತ್ತೆ ಬಲ್ಬು ಆರಿಸಿ, ಕಿಟಕಿಯಲ್ಲಿ ತಲೆ ತೂರಿಸಿ ಮೇಲೆ ಕೆಳಗೆ ನೋಡಿದಳು.

“ಅಣ್ಣ, ಕಿಟಕಿ ಓರೆ ಇದೆ.”

“ಕಿಟಕಿ ನೆಟ್ಟಗಿದೆ. ನಿನ್ನ ತಲೆ ಓರೆ.”

“ಎಡಗಡೆ ಮೇಲೆ ಕಾಲು ಇಂಚು.”

“ಅಳತೆ ಮಾಡಿ ಕೊರೆದಿದ್ದೀನಿ.”

“ಸ್ಟೂಲೂ ಅಳತೆ ಮಾಡೇ ಮಾಡಿದ್ದೆ ನೀನು.”

ನಾನು ಎದ್ದು ನಿಂತೆ. ನಡುವೆ ಹೋಗಿ ಒಂದೆರಡು ಮಾತು ಸೇರಿಸಲು ನಾಲಿಗೆ ತುರಿಸುತ್ತಿತ್ತು. ಇಬ್ಬರೂ ನನ್ನ ಕಡೆ ನೋಡಲೂ ಇಲ್ಲ. ಆರು ವರ್ಷದ ಟಪಾಲು ಕಚೇರಿ ಹಾಗೇ ಮುಚ್ಚಿತು.

ಗಡಿಯಾರದ ಹಿತ್ತಾಳೆ ಕೀ ಇನ್ನೂ ಅಂಗಡಿಯಲ್ಲೇ, ಮೊಳೆಯ ಮೇಲೆ ಇದೆ. ಮನೆಯ ಗೋಡೆ ಗಡಿಯಾರ ಆ ವಾರವೇ ಹತ್ತೂಕಾಲಿಗೆ ನಿಂತುಹೋಯಿತು. ಅಮ್ಮನಿಗೆ ಅದರ ಚಿಂತೆಯಿಲ್ಲ. ಅಂಗಡಿ ಎರಡೇ ಮನೆ ಆಚೆ. ಬೆಳಿಗ್ಗೆ ಒಲೆ ಮುಂದೆ ನಿಂತು ಕಿವಿಗೊಟ್ಟು ಕೇಳುತ್ತಾಳೆ.

“ಕೂಗಾಟ ಶುರುವಾಯ್ತಾ? ಹಾಗಾದ್ರೆ ಒಂಬತ್ತೂವರೆ ಆಗಿರಬೇಕು.”